ಗೋಣಿಯ ಮೇಲೆ ಹನ್ನೊಂದು ಕೋಲು

ಕೊಡೆ ರಿಪೇರಿಯ ಕುಂಞಿ ಮೋನು ಒಂದು ಕೊಡೆಯನ್ನು ಬಿಡಿಸಿ, ಗರಗರ ಒಂದು ಸುತ್ತು ತಿರುಗಿಸಿ ನೋಡಿದನೆಂದರೆ ಅದರ ಒಡೆಯ ಯಾವ ನಮೂನೆಯ ಮನುಷ್ಯ ಎಂದು ಹೇಳಿಬಿಡುತ್ತಿದ್ದ. ಪಂಜದ ಪೇಟೆಯಲ್ಲಿ ಜವಳಿ ಅಂಗಡಿಯ ಜಗಲಿಯ ತುದಿಗೆ ಒಂದು ಮಣೆ, ಒಂದು ತಗಡಿನ ಪೆಟ್ಟಿಗೆ. ಅಷ್ಟೇ ಅವನ ಸಂಸ್ಥಾನ. ಹುಟ್ಟೂರು ಈಶ್ವರಮಂಗಲದ ಕಡೆ. ಅಪ್ಪನ ಕಾಲದಿಂದಲೂ ಅದೇ ಕಸುಬು. ಮದರಸದ ಅಕ್ಷರ ಬಿಟ್ಟರೆ ಬೇರೆ ಅಕ್ಷರ ಕಲಿತವನಲ್ಲ, ಆದರೆ ವಸ್ತು ಸವೆದ ಬಗೆಯನ್ನು ಓದುವುದರಲ್ಲಿ ಅವನನ್ನು ಮೀರಿಸುವವರು ಆ ಹತ್ತೂರಿನಲ್ಲಿ ಇರಲಿಲ್ಲ.

ಒಮ್ಮೆ ಶಾಲೆಯ ಟೀಚರೊಬ್ಬರು ಕಡ್ಡಿ ಮುರಿದ ಕೊಡೆ ತಂದರು. ಮೋನು ಅದನ್ನು ಬಿಡಿಸಿ ನೋಡಿ ಮೆಲ್ಲನೆ ಹೇಳಿದ, "ಟೀಚರೆ, ಇದನ್ನು ಹಿಡಿಯುದು ನೀವಲ್ಲ. ನಿಮಗಿಂತ ಒಂದು ಗೇಣು ಎತ್ತರದವರು. ಅವರು ಅರ್ಧ ಒದ್ದೆ ಆಗುದು, ನೀವು ಆಗುದಿಲ್ಲ." ಟೀಚರು ಮುಖ ಕೆಂಪು ಮಾಡಿಕೊಂಡು ಹೋದವರು ಆ ಬೇಸಿಗೆಯಲ್ಲಿ ಮದುವೆಯ ಕಾಗದ ಕೊಡಲು ಅದೇ ಜಗಲಿಗೆ ಬಂದರು.

ಕೊಡೆಯವನಿಗೆ ಮಳೆಗಾಲದ ಹಿಂದೆ ಮುಂದೆ ಎರಡು ತಿಂಗಳು ಉಸಿರಾಡಲು ಪುರುಸೊತ್ತಿಲ್ಲ. ದೀಪಾವಳಿ ಕಳೆಯಿತೆಂದರೆ ನೊಣ ಹೊಡೆಯುವುದೇ ಕೆಲಸ. ಹಾಗೆ ನೊಣ ಹೊಡೆಯುತ್ತಿದ್ದ ಒಂದು ದಿನ, ಎಪ್ಪತ್ತೊಂದನೇ ಇಸವಿಯಲ್ಲಿ, ಸುಬೇದಾರ್ ದುಗ್ಗಪ್ಪ ಗೌಡರು ಎರಡು ತುಂಡಾದ ಹಾಕಿ ಕೋಲನ್ನು ಅವನ ಮುಂದೆ ಇಟ್ಟರು. ಗೌಡರು ಮಿಲಿಟರಿಯಿಂದ ನಿವೃತ್ತರಾಗಿ ಬರುವಾಗ ಒಂದು ಟ್ರಂಕು ಬಟ್ಟೆ, ಆರು ಹಾಕಿ ಕೋಲು ತಂದಿದ್ದರು. ಮಡಿಕೇರಿಯ ಕಡೆ ಹಾಕಿ ಎಂದರೆ ಮಕ್ಕಳಿಗೂ ಗೊತ್ತು. ಘಟ್ಟದ ಕೆಳಗೆ ಅದನ್ನು ಆಡುವವರಿರಲಿಲ್ಲ. ಊರಿನ ಪ್ರಾಯದವರನ್ನೆಲ್ಲ ಒಟ್ಟು ಮಾಡಿ ಗೌಡರೇ ಒಂದು ತಂಡ ಕಟ್ಟಿದ್ದರು.

"ಇದನ್ನು ಸರಿ ಮಾಡ್ತೀಯಾ?"

"ಕೊಡೆಗೆ ಬಟ್ಟೆ ಉಂಟು, ಇದಕ್ಕೆ ಇಲ್ಲ. ಮತ್ತೆ ವ್ಯತ್ಯಾಸ ಎಂತ ಸುಬೇದಾರ್ರೆ," ಎಂದ ಮೋನು.

ಮೇಣ ತಿಕ್ಕಿದ ದಾರ ಬಿಗಿದು, ಅಂಟು ಹಾಕಿ, ಮೂರು ದಿನ ನೆರಳಲ್ಲಿ ಒಣಗಿಸಿ ಕೊಟ್ಟ. ಆ ಕೋಲು ಮತ್ತೆ ಐದು ವರ್ಷ ಬಾಳಿತು. ಕೊಟ್ಟದ್ದು ಹೇಗೆ ಆಡುತ್ತದೆಂದು ನೋಡಲು ಗದ್ದೆಯ ಬದುವಿಗೆ ಹೋಗಿ ನಿಂತವನು ಮತ್ತೆ ಅಲ್ಲಿಂದ ಹಿಂದೆ ಬರಲಿಲ್ಲ ಎಂದೇ ಹೇಳಬೇಕು. ಕೋಲುಗಳೆಲ್ಲ ಅವನ ವಶಕ್ಕೆ ಬಂದವು. ಒಬ್ಬೊಬ್ಬನ ಕೋಲಿಗೆ ಒಂದೊಂದು ಬಣ್ಣದ ದಾರ ಸುತ್ತಿ ಗುರುತು ಮಾಡಿದ. ಪ್ರತಿ ಆಟದ ನಂತರ ಕೋಲನ್ನು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುವನು. ಯಾರ ಕೈ ಬಿಗಿ, ಯಾರ ಕೈ ಸಡಿಲ, ಯಾರು ಓಡಿ ಬಂದು ಹೊಡೆಯುವವರು, ಯಾರು ಹೊಡೆದ ಹಾಗೆ ಮಾಡಿ ತಪ್ಪಿಸಿಕೊಳ್ಳುವವರು, ಎಲ್ಲವೂ ಅವನಿಗೆ ಆ ಮರದಲ್ಲಿ ಕಾಣುತ್ತಿತ್ತು.

ಎಪ್ಪತ್ತೇಳರಲ್ಲಿ ಸುಬೇದಾರರಿಗೆ ಪಕ್ಷವಾತ ಹೊಡೆದು ಬಲಗೈ ಬಿದ್ದುಹೋಯಿತು. ಅಷ್ಟರವರೆಗೆ ಅಧ್ಯಕ್ಷರೂ ಅವರೇ, ಮೆನೇಜರೂ ಅವರೇ. ಇನ್ನು ಆಗದು ಎಂದು ಕಂಡಾಗ ಇಬ್ಬರನ್ನು ಮನೆಗೆ ಕರೆಸಿದರು. ಒಬ್ಬ ಮೋನು. ಇನ್ನೊಬ್ಬರು ತ್ಯಾಂಪಣ್ಣ ರೈಗಳು. ತಂಡ ಆಡುತ್ತಿದ್ದದ್ದೇ ರೈಗಳ ಗದ್ದೆಯಲ್ಲಿ, ಮಳೆಗಾಲದ ಬೆಳೆ ಕೊಯ್ದ ಮೇಲೆ. ರೈಗಳು ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ, ಅದಕ್ಕೂ ತಕ್ಕ ಧ್ವನಿ. ಬೇಸಿಗೆಯಲ್ಲೂ ಕೈಯಲ್ಲೊಂದು ಕೊಡೆ ಇಲ್ಲದೆ ಮನೆಯ ಮೆಟ್ಟಿಲು ಇಳಿದವರಲ್ಲ.

ಸುಬೇದಾರರು ಮಂಚದಲ್ಲಿ ಒರಗಿಕೊಂಡೇ ಹೇಳಿದರು, "ತ್ಯಾಂಪಣ್ಣ, ನಿನಗೆ ಗದ್ದೆ ಉಂಟು, ಜೀಪು ಉಂಟು, ನಾಲ್ಕು ಜನ ದೊಡ್ಡವರ ಎದುರು ಮಾತಾಡಲಿಕ್ಕೆ ಬಾಯಿ ಉಂಟು. ನೀನು ಅಧ್ಯಕ್ಷ. ಮೋನು ಮೆನೇಜರ್. ಸುಣ್ಣದ ಗೆರೆಯ ಹೊರಗೆ ನಿನ್ನ ಮಾತು. ಗೆರೆಯ ಒಳಗೆ ಯಾರು ಇಳಿಯುದು ಅಂತ ಅವನ ಮಾತು."

ರೈಗಳು ನಕ್ಕರು. "ಕೊಡೆ ರಿಪೇರಿಯವನ ಕೈಕೆಳಗೆ ನಾನಾ ಸುಬೇದಾರ್ರೆ?"

"ಕೈಕೆಳಗೆ ಅಂತ ಯಾರು ಹೇಳಿದ್ದು ಮಾರಾಯ? ವರ್ಷಕ್ಕೊಮ್ಮೆ ನಿನ್ನ ಅಂಗಳದಲ್ಲಿ ಯಕ್ಷಗಾನ ಆಡಿಸ್ತಿ. ಮೇಳಕ್ಕೆ ವೀಳ್ಯ ಕೊಡುದು ನೀನು, ಊಟ ಹಾಕುದು ನೀನು. ಭಾಗವತರು ಜಾಗಟೆ ಹಿಡಿದು ಕೂತ ಮೇಲೆ ಯಾವ ವೇಷ ಯಾವಾಗ ಬರಬೇಕು ಅಂತ ನೀನು ಹೋಗಿ ಹೇಳ್ತಿಯಾ?"

"ಛೆ, ಹಾಗೆ ಹೇಳ್ಲಿಕ್ಕೆ ಉಂಟಾ? ಊರಿನವರು ನಗ್ಲಿಕ್ಕಿಲ್ವಾ?"

"ಇದೂ ಹಾಗೆಯೇ ಅಂತ ತಿಳ್ಕೊ."

ಕೂತಲ್ಲೇ ಒಪ್ಪಿಗೆಯಾಯಿತು. ಕಾಗದ ಗೀಗದ ಏನೂ ಇಲ್ಲ.

ನಿಜ ಹೇಳಬೇಕೆಂದರೆ ರೈಗಳು ಒಳ್ಳೆಯ ಅಧ್ಯಕ್ಷರೇ. ಪಂದ್ಯಾಟಕ್ಕೆ ಹೆಸರು ಬರೆಸುವುದು, ಜೀಪು ಕಳಿಸುವುದು, ಹದಿನಾರು ಜನಕ್ಕೆ ಕುಚ್ಚಲಕ್ಕಿ ಗಂಜಿ ಮತ್ತು ಒಣಮೀನಿನ ಚಟ್ನಿ ಮಾಡಿಸುವುದು, ಯಾವುದರಲ್ಲೂ ಕೊರತೆ ಮಾಡಲಿಲ್ಲ. ಮೋನುವಿನ ಕೆಲಸ ಬೇರೆ ರೀತಿಯದು. ಅವನಿಗೆ ಹೆಸರುಗಳ ಪಟ್ಟಿ ಬರೆಯಲು ಬರುತ್ತಿರಲಿಲ್ಲವಲ್ಲ, ಹಾಗಾಗಿ ಆಟದ ದಿನ ಬೆಳಿಗ್ಗೆ ಗೆರೆಯ ಪಕ್ಕದಲ್ಲಿ ಒಂದು ಗೋಣಿ ಹಾಸುವನು. ಅದರ ಮೇಲೆ ಹನ್ನೊಂದು ಕೋಲುಗಳನ್ನು ಒಂದರ ಬದಿಗೆ ಒಂದರಂತೆ ಮಲಗಿಸುವನು. ಯಾರ ಕೋಲು ಗೋಣಿಯ ಮೇಲೆ ಇದೆಯೋ ಅವರು ಆಡುವವರು. ಉಳಿದ ಕೋಲುಗಳು ಅವನ ಬೆನ್ನ ಹಿಂದೆ. ಏಕೆ, ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಹುಡುಗರು ಬಂದು ತಮ್ಮ ಬಣ್ಣ ನೋಡುವರು, ಇದ್ದರೆ ಬಗ್ಗಿ ಎತ್ತಿಕೊಳ್ಳುವರು, ಇಲ್ಲದಿದ್ದರೆ ಬೆಂಚಿಗೆ ಹೋಗುವರು.

ಹೀಗೆ ಎರಡು ವರ್ಷ ಗಾಡಿ ಸಲೀಸಾಗಿ ಓಡಿತು. ಎಪ್ಪತ್ತೊಂಬತ್ತರ ಜನವರಿಯಲ್ಲಿ ಪುತ್ತೂರಿನ ದೊಡ್ಡ ಪಂದ್ಯಾಟದಲ್ಲಿ ಪಂಜದ ತಂಡ ಮೊದಲ ಸಲ ಫೈನಲಿಗೆ ಬಂತು. ಎದುರಿಗೆ ಮಡಿಕೇರಿ ಕಡೆಯ ತಂಡ. ಮೂರು ವರ್ಷದಿಂದ ಕಪ್ಪನ್ನು ಬೇರೆಯವರಿಗೆ ಮುಟ್ಟಲು ಬಿಡದವರು.

ತೊಂದರೆ ಬಂದದ್ದು ಗೆರೆಯ ಹೊರಗಿನಿಂದ.

ರೈಗಳ ಅಕ್ಕ ಕಮಲಾವತಿಗೆ ಒಬ್ಬನೇ ಮಗ, ದೇರಣ್ಣ. ಮಂಗಳೂರಿನಲ್ಲಿ ಓದುವಾಗ ಹಾಕಿ ಕಲಿತು, ಈಗ ಬ್ಯಾಂಕಿಗೆ ಸೇರಿ ಊರಿಗೆ ಬಂದವನು. ನೋಡಲು ಚಂದ, ಆಡುವಾಗಲೂ ಚಂದ. ಆ ವರ್ಷ ತಂಡಕ್ಕೆ ಸೇರಿದ್ದ. ರೈಗಳ ಕುಟುಂಬದಲ್ಲಿ ಮಗನಿಗಿಂತ ಅಕ್ಕನ ಮಗನಿಗೆ ಒಂದು ತೂಕ ಹೆಚ್ಚು. ಅಕ್ಕನ ಮಕ್ಕಳಿಗೇ ಆಸ್ತಿ ಸಲ್ಲುವ ಕಾಯಿದೆ ಬದಲಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಮಾವನ ಎದೆಯಲ್ಲಿ ಅಳಿಯನ ಜಾಗ ಬದಲಾಗಿರಲಿಲ್ಲ. ಫೈನಲಿಗೆ ಮೂರು ದಿನ ಇರುವಾಗ ಕಮಲಾವತಿ ತಮ್ಮನ ಮನೆಗೆ ಬಂದು ನೀರು ಬೆಲ್ಲವನ್ನೂ ಮುಟ್ಟದೆ ಕೂತರು.

"ತಮ್ಮ, ಬೆಟ್ಟಂಪಾಡಿಯಿಂದ ಹೆಣ್ಣಿನ ಕಡೆಯವರು ಆಟ ನೋಡ್ಲಿಕ್ಕೆ ಬರ್ತಾರೆ. ನೀನು ಅಧ್ಯಕ್ಷ ಅಂತ ಕುರ್ಚಿಯಲ್ಲಿ ಕೂರುದು, ನಿನ್ನ ಅಳಿಯ ಬೆಂಚಿನಲ್ಲಿ ಕೂರುದು. ಅವರು ಎಂತ ಗ್ರಹಿಸ್ಲಿಕ್ಕಿಲ್ಲ?"

"ಅದು ಮೋನು ನೋಡುದು ಅಕ್ಕ."

"ಗದ್ದೆ ಮೋನುವಿನದ್ದಾ?"

ಮರುದಿನ ರೈಗಳು ಪೇಟೆಗೆ ಬಂದು ಜಗಲಿಯ ಮುಂದೆ ಜೀಪು ನಿಲ್ಲಿಸಿ, ಇಳಿಯದೆಯೇ, "ನಾಡಿದ್ದು ದೇರಣ್ಣ ಇರ್ತಾನಲ್ಲ?" ಎಂದರು.

"ಇರ್ತಾರೆ ಧನಿ," ಎಂದ ಮೋನು.

ರೈಗಳು ನೆಮ್ಮದಿಯಿಂದ ಹೋದರು. ಮೋನು ಹೇಳಿದ್ದು ತಂಡದ ಹದಿನಾರು ಜನರಲ್ಲಿ ಇರುತ್ತಾನೆಂದು. ಆಡುವ ಹನ್ನೊಂದರಲ್ಲಿ ಎಂದು ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಅವನ ಮನಸ್ಸಿಗೆ ಅದು ಚುಚ್ಚುತ್ತಲೇ ಇತ್ತು. ಬಿಡಿಸಿ ಹೇಳಬೇಕಿತ್ತು ಎಂದು ಮನೆಯಲ್ಲಿ ಹೆಂಡತಿ ಅಲೀಮಮ್ಮನ ಎದುರು ಬಾಯಿಬಿಟ್ಟ.

ಫೈನಲಿನ ದಿನ ಬೆಳಿಗ್ಗೆ ಅಕ್ಕಿಯ ಪತ್ತಿರಿ ರೊಟ್ಟಿ ಕಟ್ಟಿಕೊಡುತ್ತಾ ಅವಳು ಕೇಳಿದಳು, "ಧನಿಗಳ ಗದ್ದೆಯಲ್ಲಿ ಆಡಿಸಿ ಧನಿಗಳ ಅಳಿಯನನ್ನೇ ಹೊರಗೆ ಇಡುದಾ? ನಾಳೆಯಿಂದ ಪಂಜದಲ್ಲಿ ಯಾರ ಕೊಡೆ ರಿಪೇರಿ ಮಾಡುದು ನೀವು? ಕಪ್ಪೆಗಳದ್ದಾ?"

"ಮಳೆ ಧನಿಗಳದ್ದಲ್ಲ ಅಲೀಮ."

"ನಾನು ನಗಾಡ್ಲಿಕ್ಕೆ ಹೇಳಿದ್ದಲ್ಲ."

"ನಾನೂ ನಗಾಡ್ಲಿಕ್ಕೆ ಹೇಳಿದ್ದಲ್ಲ. ನಲವತ್ತೈದು ವರ್ಷ ಆಯ್ತು ನನಗೆ. ಎಲ್ಲರೂ ಹೇಳಿದ್ದನ್ನು ನಾನು ಮಾಡುದು. ಈ ಬಟ್ಟೆ ಹಾಕು, ಈ ಕಡ್ಡಿ ತೆಗಿ. ನಾನು ಹೇಳಿದ್ದು ನಡೆಯುವ ಜಾಗ ಅಂತ ಒಂದೇ ಉಂಟು. ಆರು ಅಡಿ ಗೋಣಿ."

ಅಲೀಮಮ್ಮ ಒಳಗೆ ಹೋಗಿ ಹೊಸ ಗೋಣಿಯೊಂದನ್ನು ಕೊಡವಿ ಮಡಚಿ ತಂದಳು. "ಹಳೆಯದ್ದು ತೂತು ಬಿದ್ದಿದೆ. ಪುತ್ತೂರಿನವರು ನೋಡುದಲ್ವಾ," ಎಂದಳು.

ಪುತ್ತೂರಿನ ಮೈದಾನದಲ್ಲಿ ಮಧ್ಯಾಹ್ನಕ್ಕೇ ಜನ ತುಂಬಿ ತುಳುಕಿತ್ತು. ಸುಳ್ಯ, ಕಡಬ, ಬೆಳ್ಳಾರೆಯಿಂದೆಲ್ಲ ಲಾರಿ ಮಾಡಿಕೊಂಡು ಬಂದಿದ್ದರು. ಮೋನು ಹೊಸ ಗೋಣಿ ಹಾಸಿದ. ಹನ್ನೊಂದು ಕೋಲು ಮಲಗಿಸಿದ. ನಡುವಿನ ಮುಂಪಡೆಯ ಜಾಗದಲ್ಲಿ ಕೆಂಪು ದಾರದ ಕೋಲು. ಅದು ಮಹಾಬಲನದು. ಮಹಾಬಲ ರಬ್ಬರ್ ತೋಟದಲ್ಲಿ ಟ್ಯಾಪಿಂಗ್, ಅಂದರೆ ಮರ ಕೆತ್ತಿ ಹಾಲು ಇಳಿಸುವ ಕೆಲಸ ಮಾಡುವವನು. ದೇರಣ್ಣನ ನೀಲಿ ದಾರದ ಕೋಲು ಬೆನ್ನ ಹಿಂದೆ ಇತ್ತು.

ರೈಗಳು ಬಿಳಿ ಅಂಗಿ ತೊಟ್ಟು, ಎದೆಗೆ ಅಧ್ಯಕ್ಷರ ಬ್ಯಾಡ್ಜು ಚುಚ್ಚಿಕೊಂಡು, ಕೊಡೆ ಬೀಸುತ್ತಾ ಬಂದರು. ಗೋಣಿಯನ್ನು ನೋಡಿದರು. ಮತ್ತೊಮ್ಮೆ ಎಣಿಸಿದವರಂತೆ ನೋಡಿದರು. ಕತ್ತೆತ್ತಿ ಶಾಮಿಯಾನದ ಕಡೆ ನೋಡಿದರು. ಅಲ್ಲಿ ಕಮಲಾವತಿ, ಅವರ ಬದಿಗೆ ಬೆಟ್ಟಂಪಾಡಿಯವರು. ರೈಗಳು ಬಗ್ಗಿ ಕೆಂಪು ದಾರದ ಕೋಲನ್ನು ತೆಗೆದು ಹಿಂದೆ ಇಟ್ಟರು. ನೀಲಿ ದಾರದ್ದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟರು.

ಎಲ್ಲ ಆಟಗಾರರೂ ನೋಡಿದರು. ಯಾರೂ ಕೋಲು ಎತ್ತಿಕೊಳ್ಳಲು ಬರಲಿಲ್ಲ.

ಮೋನು ದಾರದ ಉಂಡೆಗಳನ್ನು ಒಂದೊಂದಾಗಿ ತಗಡಿನ ಪೆಟ್ಟಿಗೆಗೆ ಹಾಕಿದ. ಮುಚ್ಚಳ ಮುಚ್ಚಿದ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಎಲ್ಲಿಗೆ?" ಎಂದರು ರೈಗಳು.

"ಬಸ್ಸಿಗೆ ಧನಿ."

"ಆಟ?"

"ಇವತ್ತು ಕೋಲು ಇಟ್ಟದ್ದು ನೀವು. ಆಡಿಸುದೂ ನೀವೇ ಆಗಬೇಕು. ನನಗೆ ಸಿಟ್ಟು ಇಲ್ಲ."

ರೈಗಳು ಧ್ವನಿ ತಗ್ಗಿಸಿದರು. ಅವರ ಧ್ವನಿ ಅಷ್ಟು ತಗ್ಗುತ್ತದೆಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. "ಇಷ್ಟು ಜನರ ಎದುರು ನನ್ನ ಮರ್ಯಾದೆ ತೆಗೀಬೇಡ ಮೋನು."

"ನಿಮ್ಮ ಮರ್ಯಾದೆ ಗದ್ದೆಯಲ್ಲಿ ಉಂಟು, ಮನೆಯಲ್ಲಿ ಉಂಟು, ಪೇಟೆಯಲ್ಲಿ ಉಂಟು. ಇಲ್ಲಿ ಸ್ವಲ್ಪ ಹೋದರೂ ಕಡಿಮೆ ಆಗುದಿಲ್ಲ ಧನಿ. ನನ್ನದು ಇರುದು ಈ ಗೋಣಿಯ ಮೇಲೆ ಮಾತ್ರ."

ರೈಗಳು ಕೇಳಿದರು, "ಹೋಗುದಾದರೆ ಹೋಗು. ಒಂದು ಹೇಳಿ ಹೋಗು. ನನ್ನ ಅಳಿಯನಿಗೆ ಎಂತ ಕಡಿಮೆ?"

ಮೋನು ಹಿಂದೆ ಬಂದ. ಎರಡೂ ಕೋಲುಗಳನ್ನು ಎತ್ತಿ ರೈಗಳ ಕಣ್ಣಿನ ಮಟ್ಟಕ್ಕೆ ಹಿಡಿದ.

"ಇದು ಮಹಾಬಲನದ್ದು. ತುದಿ ನೋಡಿ. ಬಣ್ಣ ಎಲ್ಲ ಹೋಗಿ ಕೆಮ್ಮಣ್ಣು ಮರದೊಳಗೆ ಕೂತಿದೆ. ದಿನಾ ಬೆಳಿಗ್ಗೆ ಇನ್ನೂರು ರಬ್ಬರ್ ಮರಕ್ಕೆ ಬಗ್ಗುವ ಸೊಂಟ ಅದು. ಅವನ ಕೋಲು ನೆಲ ಬಿಡುದಿಲ್ಲ. ಇನ್ನು ಇದನ್ನು ನೋಡಿ. ತುದಿಯ ಪಾಲೀಶು ಅಂಗಡಿಯಿಂದ ತಂದ ಹಾಗೇ ಉಂಟು. ದೇರಣ್ಣ ಬಗ್ಗುವವರಲ್ಲ ಧನಿ. ಓಡುವ ಚೆಂಡು ಇವರಿಗೆ ಸಿಕ್ಕುದಿಲ್ಲ."

ಬೆಂಚಿನ ಹತ್ತಿರ ನಿಂತಿದ್ದ ದೇರಣ್ಣ ತಲೆ ಕೆರೆದುಕೊಂಡ. "ಬ್ಯಾಂಕಿನ ಕುರ್ಚಿ ಮಾವ. ಸೊಂಟ ಹಿಡಿದುಬಿಟ್ಟಿದೆ," ಎಂದ.

ಯಾರೋ ಕಿಸಕ್ಕನೆ ನಕ್ಕರು. ಮೋನು ನಗಲಿಲ್ಲ.

"ಪೂರ್ತಿ ಕೇಳಿ ಧನಿ. ಇಲ್ಲಿ ಬೆರಳಿಟ್ಟು ನೋಡಿ, ನಡುವಿನಲ್ಲಿ ಒಂದು ಗುಳಿ ಉಂಟು. ಒಂದು ರೂಪಾಯಿ ನಾಣ್ಯದಷ್ಟು. ಎರಡನೇ ಗುಳಿ ಇಲ್ಲ. ನಿಂತ ಚೆಂಡು ಸಿಕ್ಕಿದರೆ ಇವರು ನೂರಕ್ಕೆ ನೂರು ಸಲ ಇದೇ ಜಾಗದಿಂದ ಹೊಡೆಯುದು. ಎಂಟು ವರ್ಷದಿಂದ ನಾನು ಕೋಲು ನೋಡ್ತೇನೆ. ಇಂಥ ಗುರುತು ಇನ್ನೊಬ್ಬರದ್ದರಲ್ಲಿ ನೋಡಲಿಲ್ಲ. ನಾನು ಇವರನ್ನು ಬಿಟ್ಟದ್ದು ಅಂತ ಗ್ರಹಿಸಬೇಡಿ. ಹೊತ್ತಿಗೆ ಬೇಕು ಅಂತ ತೆಗೆದಿಟ್ಟದ್ದು. ಮೊನ್ನೆ ಜೀಪಿನ ಹತ್ತಿರ ನಾನು ಇದನ್ನು ಬಿಡಿಸಿ ಹೇಳಬೇಕಿತ್ತು. ಅದು ನನ್ನ ತಪ್ಪು."

ರೈಗಳು ಆ ಗುಳಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಶಾಮಿಯಾನದ ಕಡೆಗೆ ಅವರು ಮತ್ತೆ ನೋಡಲಿಲ್ಲ. "ಭಾಗವತರ ಜಾಗಟೆಗೆ ಕೈ ಹಾಕಿದ ಹಾಗಾಯ್ತು ನಾನು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಆ ದೊಡ್ಡ ಹೊಟ್ಟೆಯನ್ನು ಸಂಭಾಳಿಸಿಕೊಂಡು ಎಲ್ಲರೂ ನೋಡುವ ಹಾಗೆ ಬಗ್ಗಿ, ಕೆಂಪು ದಾರದ ಕೋಲನ್ನು ಅದರ ಜಾಗದಲ್ಲಿ ಮಲಗಿಸಿದರು.

"ನನ್ನ ಸೊಂಟವೂ ಬಗ್ಗುದಿಲ್ಲ ಮೋನು. ಆದರೂ ಬಗ್ಗಿದೆ. ಪೆಟ್ಟಿಗೆ ಕೆಳಗೆ ಇಡು."

ಮೋನು ಪೆಟ್ಟಿಗೆ ಕೆಳಗಿಟ್ಟ. ಮಹಾಬಲ ಮುಂದೆ ಬಂದು ತನ್ನ ಕೋಲು ಎತ್ತಿಕೊಂಡ. ಅವನ ಹಿಂದೆ ಉಳಿದ ಹತ್ತು ಜನ.

ಆಟ ಶುರುವಾಗಿ ಹತ್ತು ನಿಮಿಷಕ್ಕೇ ಮಡಿಕೇರಿಯವರು ಒಂದು ಗೋಲು ಹಾಕಿದರು. ಅವರ ಕಾಲಿಗೆ ಗಾಳಿ ಕಟ್ಟಿದ ಹಾಗೆ ಓಟ. ಪಂಜದವರು ನೆಲ ಕಚ್ಚಿ ನಿಂತರು. ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಮಹಾಬಲ ನಾಲ್ಕು ಜನರ ಕಾಲಿನ ನಡುವೆ ಬಗ್ಗಿಕೊಂಡೇ ನುಗ್ಗಿದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಚೆಂಡು ಯಾರಿಗೂ ಕಾಣಲಿಲ್ಲ. ಕಂಡದ್ದು ಬಲೆಯೊಳಗೆ. ಒಂದಕ್ಕೆ ಒಂದು. ಸುಳ್ಯದಿಂದ ಬಂದ ಲಾರಿಯವರು ಹಾರನ್ನು ಒತ್ತಿ ಹಿಡಿದವರು ಬಿಡಲೇ ಇಲ್ಲ.

ರೈಗಳಿಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಎದ್ದು ಬಂದು ಸುಣ್ಣದ ಗೆರೆಯ ಹತ್ತಿರ ನಿಂತು, ಕೊಡೆಯ ತುದಿಯನ್ನು ಗೆರೆಯ ಮೇಲೆ ಊರಿ, ಎರಡೂ ಕೈಯನ್ನು ಹಿಡಿಯ ಮೇಲಿಟ್ಟು ಭಾರ ಹಾಕಿದರು. ಕೊಡೆ ಬಿಲ್ಲಿನ ಹಾಗೆ ಬಾಗಿತು. ಕಾಲು ಮಾತ್ರ ಹೊರಗೇ ಇತ್ತು.

ಆಟ ಮುಗಿಯಲು ಎಂಟು ನಿಮಿಷ ಇರುವಾಗ ಬಲಬದಿಯ ಆಟಗಾರನ ಕಾಲು ಉಳುಕಿತು. ಮೋನು ಅವನ ಕೋಲನ್ನು ಗೋಣಿಯ ಮೇಲೆ ಮಲಗಿಸಿ, ಬೆನ್ನ ಹಿಂದಿನಿಂದ ನೀಲಿ ದಾರದ ಕೋಲು ತೆಗೆದು ಚಾಚಿದ.

"ದೇರಣ್ಣ, ಓಡ್ಲಿಕ್ಕೆ ಹೋಗಬೇಡಿ. ಸುಮ್ಮನೆ ನಿಲ್ಲಿ. ನಿಮಗೆ ಒಂದು ಚೆಂಡು ಬರ್ತದೆ."

"ಬಾರದಿದ್ದರೆ?"

"ಬಾರದಿದ್ದರೆ ಹೆಣ್ಣಿನವರಿಗೆ ನಿಂತ ಭಂಗಿಯಾದರೂ ಕಾಣ್ತದಲ್ಲ."

ಚೆಂಡು ಬಂತು. ಕೊನೆಯ ಎರಡು ನಿಮಿಷದಲ್ಲಿ ಮಹಾಬಲನನ್ನು ತಡೆಯಲು ಹೋಗಿ ಎದುರಿನವರು ತಪ್ಪು ಮಾಡಿದರು. ರೆಫ್ರಿ ಪೆನಾಲ್ಟಿ ಕಾರ್ನರ್ ಕೊಟ್ಟರು. ಮೂಲೆಯಿಂದ ಚೆಂಡು ಸರ್ರನೆ ಬಂದಾಗ ಮಹಾಬಲ ನೆಲಕ್ಕೆ ಬಗ್ಗಿ ಅಂಗೈಯಿಂದ ಅದನ್ನು ಒತ್ತಿ ನಿಲ್ಲಿಸಿದ. ಆ ಕಾಲದ ಆಟದಲ್ಲಿ ಹಾಗೆ ಕೈಯಿಂದ ನಿಲ್ಲಿಸಲು ಅವಕಾಶವಿತ್ತು. ರಬ್ಬರ್ ಮರದ ಬುಡಕ್ಕೆ ಹಾಲು ಹಿಡಿಯುವ ಚಿಪ್ಪು ಇಟ್ಟಷ್ಟೇ ಹದವಾಗಿ ನಿಲ್ಲಿಸಿದ. ಚೆಂಡು ಒಂದು ನೂಲೂ ಅಲುಗಲಿಲ್ಲ. ದೇರಣ್ಣ ಎರಡು ಹೆಜ್ಜೆ ಮುಂದಿಟ್ಟು ಬೀಸಿದ. ಗೋಲಿನ ಹಿಂದಿನ ಹಲಗೆಗೆ ಚೆಂಡು ಬಡಿದ ಸದ್ದು ಬಸ್‌ಸ್ಟ್ಯಾಂಡಿಗೆ ಕೇಳಿತು ಎಂದು ಪುತ್ತೂರಿನವರು ಬಹಳ ವರ್ಷ ಹೇಳುತ್ತಿದ್ದರು.

ಸೀಟಿ ಊದಿದಾಗ ಜನ ಗೆರೆಯನ್ನು ಅಳಿಸಿಕೊಂಡು ಒಳಗೆ ನುಗ್ಗಿದರು. ದೇರಣ್ಣನನ್ನೂ ಮಹಾಬಲನನ್ನೂ ಒಟ್ಟಿಗೆ ಎತ್ತಿದರು. ಶಾಮಿಯಾನದಲ್ಲಿ ಕಮಲಾವತಿ ಬೆಟ್ಟಂಪಾಡಿಯವರಿಗೆ, "ನಮ್ಮವನನ್ನು ಕೊನೆಗೆ ಅಂತಲೇ ಇಟ್ಟದ್ದು, ಗೊತ್ತುಂಟಾ? ಮೆನೇಜರರಿಗೆ ಬುದ್ಧಿ ಉಂಟು," ಎನ್ನುತ್ತಿದ್ದರು. ರೈಗಳು ಮಾತ್ರ ಇದ್ದಲ್ಲೇ ನಿಂತಿದ್ದರು. ಮೋನು ಗುಂಪಿನಿಂದ ಬಿಡಿಸಿಕೊಂಡು ಅವರ ಹತ್ತಿರ ಬಂದ.

"ಬನ್ನಿ ಧನಿ. ಆಟ ಮುಗಿಯಿತು. ಇನ್ನು ಎಲ್ಲ ಕಡೆ ನಿಮ್ಮದೇ."

ಕಪ್ಪು ತೆಗೆದುಕೊಳ್ಳಲು ಅಧ್ಯಕ್ಷರನ್ನು ಕರೆದರು. ರೈಗಳು ಹೋಗಿ ತೆಗೆದುಕೊಂಡರು, ಅದು ಅವರ ಹಕ್ಕು. ಮೈಕಿನಲ್ಲಿ ಎರಡು ಮಾತು ಆಡಿ ಎಂದಾಗ ಒಂದೇ ಮಾತು ಆಡಿದರು. "ಗಂಜಿ ಹಾಕಿದ್ದು ನಾನು. ಆಡಿಸಿದ್ದು ಪಂಜದ ಕುಂಞಿ ಮೋನು." ಜೀಪು ಹೊರಡುವಾಗ, ಕಪ್ಪು ಹಿಡಿದ ಸಂತೋಷದಲ್ಲಿ, ಕೋಲುಗಳ ಗೋಣಿಕಟ್ಟನ್ನೂ ಎತ್ತಿ ಒಳಗೆ ಇಡಲು ಹೋದರು. ಮೋನು ಅವರ ಕೈಯಿಂದ ಅದನ್ನು ಬಿಡಿಸಿಕೊಂಡ.

"ಇದು ನನ್ನದು ಧನಿ. ನೀವು ಕಪ್ಪು ಹಿಡ್ಕೊಳ್ಳಿ."

"ಭಾರ ಅಲ್ವಾ ಮಾರಾಯ?"

"ಭಾರ ಇರ್ಲಿ."

ದಾರಿಯುದ್ದಕ್ಕೂ ಕಪ್ಪು ಮುಂದಿನ ಸೀಟಿನಲ್ಲಿ, ಗೋಣಿ ಹಿಂದಿನ ಸೀಟಿನಲ್ಲಿ. ಪಂಜ ತಲುಪಿದೊಡನೆ ಮೊದಲು ಸುಬೇದಾರರ ಮನೆ. ಅವರು ಎಡಗೈಯಲ್ಲಿ ಕಪ್ಪನ್ನು ಸವರಿ, ಆಮೇಲೆ ಕೋಲುಗಳನ್ನು ಒಂದೊಂದಾಗಿ ಸವರಿದರು.

ಎಂಬತ್ತಾರರವರೆಗೆ ಆ ಗೋಣಿ ಹಾಸಿದ್ದು ಕುಂಞಿ ಮೋನುವೇ. ಇನ್ನೂ ಮೂರು ಸಲ ಕಪ್ಪು ಪಂಜಕ್ಕೆ ಬಂತು. ತಂಡಕ್ಕೆ ತಮ್ಮವರನ್ನು ಸೇರಿಸಬೇಕೆಂದು ಯಾರಾದರೂ ರೈಗಳ ಮನೆಗೆ ಹೋದರೆ ಅವರು ಬೆಲ್ಲ ನೀರು ಕೊಟ್ಟು, ಜವಳಿ ಅಂಗಡಿಯ ಜಗಲಿಯ ದಾರಿ ತೋರಿಸುತ್ತಿದ್ದರು. ದೇರಣ್ಣನ ಮದುವೆ ಎಪ್ಪತ್ತೊಂಬತ್ತರ ಬೇಸಿಗೆಯಲ್ಲೇ ಆಯಿತು. ಚಪ್ಪರದಲ್ಲಿ ಮೋನುವನ್ನೂ ಮಹಾಬಲನನ್ನೂ ರೈಗಳು ತಮ್ಮ ಬದಿಯ ಕುರ್ಚಿಯಲ್ಲಿ ಕೂರಿಸಿಕೊಂಡರು.

ಆ ವರ್ಷದ ಮಳೆ ಹಿಡಿಯುವ ಮೊದಲು ರೈಗಳು ಕೊಡೆ ರಿಪೇರಿಗೆ ಬಂದರು. ಪುತ್ತೂರಿನ ಆಟದ ದಿನದಿಂದ ಮೂಲೆಯಲ್ಲಿಟ್ಟಿದ್ದ ಕೊಡೆ, ನಡುಕೋಲು ಬಾಗಿಹೋಗಿತ್ತು. ಮೋನು ಅದನ್ನು ಬಿಡಿಸಿ, ತಿರುಗಿಸಿ, ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ. ಕಬ್ಬಿಣದ ಮೊನೆಯಲ್ಲಿ ಬಿಳಿ ಸುಣ್ಣ ಗಟ್ಟಿಯಾಗಿ ಅಂಟಿಕೊಂಡಿತ್ತು.

"ಎಂತ ಹೇಳ್ತದೆ?" ಎಂದರು ರೈಗಳು.

"ಗೆರೆಯವರೆಗೆ ಬಂದ ಕೊಡೆ. ದಾಟಿದ್ದಲ್ಲ."

ಹೇಳಿ ಅವನು ಒದ್ದೆ ಬಟ್ಟೆ ತೆಗೆದುಕೊಂಡ. ರೈಗಳು ಅವನ ಕೈ ತಡೆದರು.

"ಕೋಲು ನೇರ ಮಾಡು. ಸುಣ್ಣ ಒರಸಬೇಡ," ಎಂದರು.